ಡಬ್ಬಿಯ ಮೇಲಿನ ಮೊಲ

ನಮ್ಮ ಕೇರಿಯ ಹುಡುಗಿಯೊಬ್ಬಳು ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮುಖಕ್ಕೆ ಬಳಿಯುವ ಪೌಡರು, ತುಟಿಯ ಬಣ್ಣ, ರೆಪ್ಪೆಗೆ ಹಚ್ಚುವ ಮಿನುಗು, ಇಂಥವನ್ನು ಮಾರುವ ಕೆಲಸ. ಯುಗಾದಿಗೆ ಊರಿಗೆ ಬಂದವಳು ಪುಟ್ಟ ಡಬ್ಬಿಯೊಂದನ್ನು ತಂದಿದ್ದಳು. ಅದರ ಮೇಲೊಂದು ಮೊಲದ ಚಿತ್ರ. ಅವಳ ಅಜ್ಜಿ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಇದ್ಯಾಕವ್ವ ಮೊಲ? ಮೊಲದ ಕೊಬ್ಬಲ್ಲಿ ಮಾಡವ್ರಾ?”

“ಅಲ್ಲ ಕಣಜ್ಜಿ. ಇದನ್ನ ಮಾಡುವಾಗ ಯಾವ ಪ್ರಾಣಿಗೂ ಹಿಂಸೆ ಕೊಟ್ಟಿಲ್ಲ ಅಂತ ಗುರುತು. ಇದು ನೀತಿವಂತ ಕಂಪನಿ ಅಂತ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೊಮ್ಮಗಳು ಕಾಲು ನೀಡಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮೀನಖಂಡದ ನರಗಳು ಹುರಿಗಟ್ಟಿ ನೀಲಿಯಾಗಿದ್ದವು. ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಕೂರೋಣವೆಂದರೆ ಒಂದು ಸ್ಟೂಲೂ ಇಲ್ಲ.

“ಮೊಲಕ್ಕೆ ನೋವಾಗಿಲ್ಲ ಅಂತ ಬರ್ದವ್ರೆ ಸರಿ. ನಿನ್ನ ಕಾಲಿಗೆ ಏನಂತ ಬರ್ದವ್ರವ್ವ?”

ಆ ರಾತ್ರಿ ಜಗಲಿಯ ಮೇಲಿದ್ದ ನಮಗ್ಯಾರಿಗೂ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು, ಕಾನೂನು ಓದುವ ಹುಡುಗನೊಬ್ಬನಿದ್ದ, ಸಂಘಟನೆಯ ಕೆಲಸದಲ್ಲೇ ತಲೆ ನರೆತವರೂ ಇದ್ದರು. ಒಂದು ಕಂಪನಿ ನೀತಿವಂತವೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಯಾರ ನೋವು ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ? ಆ ಲೆಕ್ಕ ಬರೆಯುವವರು ಯಾರು? ಆಮೇಲಿನ ಮೂರು ನಾಲ್ಕು ಭಾನುವಾರ ನಾವು ಒಟ್ಟಿಗೆ ಕೂತು, ಓದಿ, ಜಗಳಾಡಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

*

ಮೊದಲಿಗೇ ಒಂದು ಆಕ್ಷೇಪಣೆ ಎದ್ದಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ, ಭೂಮಿ, ಕೂಲಿ, ಸ್ಮಶಾನದ ಜಾಗ ಇವುಗಳ ಬಗ್ಗೆ ಬರೆಯಬೇಕಾದ ಪತ್ರಿಕೆಯಲ್ಲಿ ಸ್ನೋ ಪೌಡರಿನ ಮಾತೇಕೆ? ಆಕ್ಷೇಪಣೆ ಎತ್ತಿದವರು ನಮ್ಮೊಳಗಿನ ಗಂಡಸರೇ. ಉತ್ತರ ಕೊಟ್ಟವಳು ಆ ಹುಡುಗಿ: “ನೀವು ಗಡ್ಡ ಹೆರೆದು ದಿನಾ ಮುಖಕ್ಕೆ ಹಚ್ಕೊಳೋದೇನು, ವಿಭೂತಿನಾ?”

ಅವಳ ಮಾತು ತಮಾಷೆಯದಾದರೂ ಅದರ ಹಿಂದೆ ಉದ್ದದ ಇತಿಹಾಸವಿದೆ. ಯಾರು ಏನು ಉಡಬೇಕು, ಯಾರು ಯಾವ ಲೋಹ ತೊಡಬೇಕು, ಯಾರು ಹೂ ಮುಡಿಯಬೇಕು ಎನ್ನುವುದನ್ನು ಈ ದೇಶದಲ್ಲಿ ಜಾತಿ ತೀರ್ಮಾನಿಸುತ್ತಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿಯೇ ದಶಕಗಳ ಕಾಲ ಹೊಡೆದಾಡಬೇಕಾಯಿತು. 1859ರಲ್ಲಿ ಅರಮನೆ ಮಣಿಯಿತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಸೇರಿದ್ದ ನಮ್ಮ ಹೆಂಗಸರಿಗೆ ಬಾಬಾಸಾಹೇಬರು ಹೇಳಿದ್ದೂ ಇದನ್ನೇ. ನಿಮ್ಮ ಜಾತಿಯನ್ನು ಸಾರಿ ಹೇಳುವ ಆ ಭಾರದ ಒಡವೆಗಳನ್ನು ತೆಗೆದುಹಾಕಿ, ಸೀರೆಯನ್ನು ಮೇಲ್ಜಾತಿ ಹೆಂಗಸರು ಉಡುವ ಹಾಗೆ ಉಡಿ ಎಂದರು. ತಾವೂ ಕೋಟು ಸೂಟು ಬಿಡಲಿಲ್ಲ. ಬಡವರ ಜೊತೆ ನಿಲ್ಲುವವನು ಬಡವನ ವೇಷ ಹಾಕಬೇಕು ಅನ್ನುವುದು ಹೊಟ್ಟೆ ತುಂಬಿದವರ ತತ್ವ.

ಆದ್ದರಿಂದ ನಮ್ಮ ಹುಡುಗಿಯರಿಗೆ ‘ಪೌಡರು ಬಿಸಾಕಿ, ಸರಳವಾಗಿ ಬದುಕಿ’ ಎಂದು ಉಪದೇಶ ಮಾಡಲು ನಾವು ಕೂತಿಲ್ಲ. ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ತಾನೇ ಇಷ್ಟಪಡುವುದು ನಮ್ಮವರಿಗೆ ತಡವಾಗಿ ಸಿಕ್ಕ ಸ್ವಾತಂತ್ರ್ಯ. ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಆ ಡಬ್ಬಿಯ ಹಿಂದೆ ಇನ್ನೊಬ್ಬರ ಮಗುವಿನ ಸ್ವಾತಂತ್ರ್ಯ ಹೂತುಹೋಗಿದೆಯೇ ಎಂದಷ್ಟೇ ನಾವು ಕೇಳುತ್ತಿದ್ದೇವೆ.

*

ಮೊಲದಿಂದಲೇ ಶುರು ಮಾಡೋಣ. 1944ರಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿ ಜಾನ್ ಡ್ರೈಜ್ ಎಂಬಾತ ಒಂದು ಪರೀಕ್ಷೆಯನ್ನು ರೂಪಿಸಿದ. ಮೊಲವನ್ನು ಅಲುಗಾಡದಂತೆ ಕಟ್ಟಿ, ಅದರ ಕಣ್ಣಿಗೆ ಸೋಪು, ಶ್ಯಾಂಪೂ, ಬಣ್ಣಗಳ ರಾಸಾಯನಿಕವನ್ನು ಹಾಕಿ, ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಹುಣ್ಣಾಯಿತು ಎಂದು ಅಂಕ ಕೊಡುವುದು. ದಶಕಗಳ ಕಾಲ ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳು ಇದನ್ನೇ ನಡೆಸಿಕೊಂಡು ಬಂದವು.

ಇದರ ವಿರುದ್ಧ ಎದ್ದವರಲ್ಲಿ ಮುಖ್ಯನಾದವನು ಹೆನ್ರಿ ಸ್ಪಿರಾ. ಅವನು ಯಾವ ಮಠದ ಅಹಿಂಸಾವಾದಿಯೂ ಅಲ್ಲ. ಹಡಗಿನಲ್ಲಿ ದುಡಿದವನು, ನಾವಿಕರ ಸಂಘದಲ್ಲಿ ಹೋರಾಡಿದವನು, ಆಮೇಲೆ ನ್ಯೂಯಾರ್ಕಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 1980ರ ಏಪ್ರಿಲಿನಲ್ಲಿ ಅವನ ಗುಂಪು ನ್ಯೂಯಾರ್ಕ್ ಟೈಮ್ಸಿನಲ್ಲಿ ಒಂದು ಪುಟ ಪೂರ್ತಿ ಜಾಹೀರಾತು ಹಾಕಿ, ಚೆಲುವಿನ ಹೆಸರಿನಲ್ಲಿ ಎಷ್ಟು ಮೊಲಗಳ ಕಣ್ಣು ತೆಗೆಯುತ್ತೀರಿ ಎಂದು ರೆವ್ಲಾನ್ ಕಂಪನಿಯನ್ನು ಕೇಳಿತು. ಆ ವರ್ಷವೇ ಕಂಪನಿ ಬೇರೆ ದಾರಿ ಹುಡುಕುವ ಸಂಶೋಧನೆಗೆ ಹಣ ಕೊಡಬೇಕಾಗಿ ಬಂತು. 2013ರಲ್ಲಿ ಯುರೋಪಿನ ಒಕ್ಕೂಟ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಅಲಂಕಾರ ಸಾಮಗ್ರಿಯ ಮಾರಾಟವನ್ನೇ ನಿಲ್ಲಿಸಿತು. 2014ರಲ್ಲಿ ನಮ್ಮ ದೇಶವೂ ಇಂಥ ಪರೀಕ್ಷೆಯನ್ನು, ಆಮೇಲೆ ಇಂಥ ಸರಕಿನ ಆಮದನ್ನು ನಿಷೇಧಿಸಿತು.

ಆದ್ದರಿಂದ ಮೊಲವನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಬಾಯಿಲ್ಲದ ಜೀವದ ಪರವಾಗಿ ಒಬ್ಬ ಮೇಷ್ಟ್ರು ಗೆದ್ದದ್ದು ನಮಗೂ ಪಾಠವೇ. ಆದರೆ ಗೆಲುವು ಚಿತ್ರವಾಗಿ ಡಬ್ಬಿಯ ಮೇಲೆ ಕೂತ ಮೇಲೆ ಏನಾಗುತ್ತದೆ ನೋಡಿ. ಭಾರತದಲ್ಲಿ ತಯಾರಾಗುವ ಎಲ್ಲ ಅಲಂಕಾರ ಸಾಮಗ್ರಿಗೂ ಈ ಪರೀಕ್ಷೆ ನಿಷಿದ್ಧ. ಅಂದಮೇಲೆ ಇಲ್ಲಿ ಮೊಲದ ಚಿತ್ರ ಹಾಕುವುದೆಂದರೆ, ‘ನಾನು ಕಳ್ಳತನ ಮಾಡಿಲ್ಲ’ ಎಂದು ಎದೆಗೆ ಬಿಲ್ಲೆ ಹಾಕಿಕೊಂಡು ಓಡಾಡಿದ ಹಾಗೆ. ಅದೂ ಕೆಲವರದು ಅರ್ಧ ಮಾತು. ಚೀನಾ ದೇಶ ಹೊರಗಿನಿಂದ ಬರುವ ಸಾಮಗ್ರಿಗೆ ಪ್ರಾಣಿ ಪರೀಕ್ಷೆ ಆಗಲೇಬೇಕು ಎನ್ನುತ್ತಿತ್ತು. 2021ರಲ್ಲಷ್ಟೇ ಸಾಮಾನ್ಯ ಸಾಮಗ್ರಿಗಳಿಗೆ ಅದನ್ನು ಷರತ್ತುಗಳ ಮೇಲೆ ಸಡಿಲಿಸಿತು. ಅಲ್ಲಿಯವರೆಗೆ ‘ನಾವು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ’ ಎಂದು ಒಂದು ಬಾಯಲ್ಲಿ ಹೇಳಿ, ‘ಕಾನೂನು ಕೇಳುವ ಕಡೆ ಬಿಟ್ಟು’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿ, ಅಲ್ಲೂ ಇಲ್ಲೂ ಮಾರಿದವರಿದ್ದರು.

*

ನಮ್ಮ ಸರ್ಕಾರವೂ ಡಬ್ಬಿಯ ಮೇಲೆ ತನ್ನದೊಂದು ಗುರುತು ಹಾಕಲು ಹೊರಟಿತು. 2014ರ ಜೂನಿನಲ್ಲಿ ಒಂದು ನಿಯಮ ಬಂತು. ಸೋಪು, ಶ್ಯಾಂಪೂ, ಟೂತ್‌ಪೇಸ್ಟು, ಅಲಂಕಾರ ಸಾಮಗ್ರಿಗಳ ಮೇಲೂ, ತಿನ್ನುವ ಪದಾರ್ಥಗಳ ಮೇಲಿರುವಂತೆ, ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕೆಂಪು ಅಥವಾ ಕಂದು ಚುಕ್ಕೆ ಇರಬೇಕು ಎಂದು. ತಿನ್ನದ ಸೋಪಿಗೆ ಯಾವ ಸಸ್ಯಾಹಾರ! ಆದರೂ ಮೈಗೆ ಸೋಕುವ ಸೋಪಿನಲ್ಲಿ ದನದ ಕೊಬ್ಬಿದೆಯೇ ಎಂದು ತಿಳಿಯುವುದು ಸರ್ಕಾರಕ್ಕೆ ಅಷ್ಟು ಮುಖ್ಯವಾಯಿತು. ಅದೇ ಸೋಪನ್ನು ಕತ್ತರಿಸಿ, ಸುತ್ತಿ, ಪೆಟ್ಟಿಗೆಗೆ ತುಂಬಿದ ಕೈಗೆ ದಿನಗೂಲಿ ಎಷ್ಟು ಎಂದು ಹೇಳುವ ಚುಕ್ಕೆ ಯಾವ ಬಣ್ಣದಲ್ಲೂ ಇಲ್ಲ.

ಇಲ್ಲಿ ನಿಂತು ಸ್ವಲ್ಪ ಯೋಚಿಸಬೇಕು. ಚುಕ್ಕೆಯಾಗಲಿ ಮೊಲವಾಗಲಿ ಕೊಳ್ಳುವವನಿಗೆ ಏನು ಹೇಳುತ್ತದೆ? ‘ನೀನು ಇದನ್ನು ಹಚ್ಚಿಕೊಂಡರೆ ನಿನಗೆ ಪಾಪ ತಗಲುವುದಿಲ್ಲ’ ಎನ್ನುತ್ತದೆ. ಮಾತು ಆಧುನಿಕವಾದರೂ ಇದು ನಮಗೆ ಚೆನ್ನಾಗಿ ಗೊತ್ತಿರುವ ಹಳೆಯ ನೀತಿ. ಇದರ ಹೆಸರು ಮಡಿ. ಮಡಿಯಲ್ಲಿರುವವನಿಗೆ ತನ್ನ ಮೈಗೆ ಏನು ತಾಗಿತು ಎಂಬುದೇ ಚಿಂತೆ. ಮಡಿಬಟ್ಟೆ ಒಗೆದವಳು ಉಂಡಳೋ ಇಲ್ಲವೋ ಎಂದು ಅವನು ಕೇಳುವುದಿಲ್ಲ. ಅವಳು ದೂರ ನಿಂತರೆ ಸಾಕು. ಅವನ ಶುದ್ಧಿ ಪೂರ್ತಿಯಾಗಿ ಅವಳ ದುಡಿಮೆಯಿಂದಲೇ ಆದದ್ದು. ಆದರೆ ಆ ಶುದ್ಧಿಯ ಲೆಕ್ಕದಲ್ಲಿ ಅವಳ ಹೆಸರಿಲ್ಲ.

ನೀತಿಯಲ್ಲಿ ಇನ್ನೊಂದು ಬಗೆಯಿದೆ. ಅದನ್ನು ನಾವು ಋಣದ ನೀತಿ ಎನ್ನೋಣ. ಇದು ‘ನನಗೆ ಏನು ತಗಲಿತು’ ಎಂದು ಕೇಳುವುದಿಲ್ಲ. ‘ನಾನು ಯಾರಿಗೆ ಬಾಕಿ’ ಎಂದು ಕೇಳುತ್ತದೆ. ಮಡಿಯವನಿಗೆ ತಪ್ಪಿನಿಂದ ದೂರ ಹೋದರೆ ಮುಗಿಯಿತು. ಋಣವಿದ್ದವನು ದೂರ ಹೋಗುವ ಹಾಗಿಲ್ಲ, ತೀರಿಸಬೇಕು. ಇಂದು ಕಂಪನಿಗಳು ನೀತಿಯೆಂದು ಮಾರುತ್ತಿರುವುದು ಬಹುಪಾಲು ಮಡಿ. ನಾವು ಅಳೆಯಬೇಕಾದದ್ದು ಋಣವನ್ನು. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ಕಾಗೆಬಂಗಾರದ ಕಥೆಯಲ್ಲಿ ಕಾಣುತ್ತದೆ.

*

ಕಾಗೆಬಂಗಾರವನ್ನು ನಾವೆಲ್ಲ ಚಿಕ್ಕಂದಿನಲ್ಲಿ ಹಳ್ಳದ ದಂಡೆಯಲ್ಲಿ ಹೆಕ್ಕಿ ಜೇಬಿಗೆ ಹಾಕಿಕೊಂಡವರೇ. ಪುಸ್ತಕದ ಮಾತಿನಲ್ಲಿ ಅದು ಅಭ್ರಕ. ಪದರ ಪದರವಾಗಿ ಬಿಡುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ರೆಪ್ಪೆಯ ಬಣ್ಣ, ತುಟಿಯ ಬಣ್ಣ, ಕೆನ್ನೆಯ ಪೌಡರುಗಳಲ್ಲಿ ಕಾಣುವ ಮುತ್ತಿನ ಹೊಳಪು ಬಹಳ ಕಡೆ ಇದೇ. ಕಾರಿನ ಬಣ್ಣಕ್ಕೂ ವಿದ್ಯುತ್ ಸಾಮಾನಿಗೂ ಇದು ಬೇಕು.

ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಜಿಲ್ಲೆಗಳು, ಪಕ್ಕದ ಬಿಹಾರದ ನವಾದಾ ಜಿಲ್ಲೆ ಈ ಕಾಗೆಬಂಗಾರದ ಸೀಮೆ. ಬ್ರಿಟಿಷರ ಕಾಲದಿಂದಲೂ ಇಲ್ಲಿಂದ ಅಭ್ರಕ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು, ಹೊರದೇಶದ ಬೇಡಿಕೆಯೂ ಕುಸಿಯಿತು, ಪರವಾನಗಿಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಗಣಿ ಮುಚ್ಚಿದರೂ ಹೊಟ್ಟೆ ಮುಚ್ಚುವುದಿಲ್ಲವಲ್ಲ. ಹಳೆಯ ಗುಂಡಿಗಳಲ್ಲಿ, ಕಾಡಿನ ದಿಬ್ಬಗಳಲ್ಲಿ ಉಳಿದ ಚೂರುಗಳನ್ನು ಅಲ್ಲಿನವರು ಢಿಬ್ರಾ ಎನ್ನುತ್ತಾರೆ. ಅದನ್ನು ಕೆದರಿ, ಹೆಕ್ಕಿ, ಬುಟ್ಟಿಯಲ್ಲಿ ಹೊತ್ತು ಮಾರುವವರು ಅಲ್ಲಿನ ದಲಿತರು, ಆದಿವಾಸಿಗಳು, ಭೂಮಿಯಿಲ್ಲದ ಬಡವರು. ಇಲಿಬಿಲದಂಥ ಗುಂಡಿಯೊಳಗೆ ದೊಡ್ಡವರ ಮೈ ಹಿಡಿಸುವುದಿಲ್ಲ, ಮಕ್ಕಳ ಮೈ ಹಿಡಿಸುತ್ತದೆ. ಸಣ್ಣ ಚೂರು ಹೆಕ್ಕಲು ಸಣ್ಣ ಬೆರಳು ಚುರುಕು. ಮಣ್ಣು ಕುಸಿದರೆ ಅಲ್ಲೇ ಸಮಾಧಿ.

2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ನಿನ ತನಿಖೆ ಒಂದು ಸಂಗತಿಯನ್ನು ಹೊರಗೆ ತಂದಿತು. ಎರಡೇ ತಿಂಗಳಲ್ಲಿ ಕನಿಷ್ಠ 7 ಮಕ್ಕಳು ಈ ಗುಂಡಿಗಳಲ್ಲಿ ಸತ್ತಿದ್ದವು, ಆ ಸಾವುಗಳನ್ನು ಮುಚ್ಚಿಹಾಕಲಾಗಿತ್ತು. ದೂರು ಕೊಟ್ಟರೆ ಇರುವ ಕೂಲಿಯೂ ಹೋಗುತ್ತದೆ. ಗುಂಡಿಯೇ ಕಾನೂನುಬಾಹಿರವಾದ ಮೇಲೆ ಅಲ್ಲಿ ಸತ್ತ ಮಗುವೂ ಲೆಕ್ಕಕ್ಕಿಲ್ಲ. ಆಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಈ ಮೂರು ಜಿಲ್ಲೆಗಳ ಅಭ್ರಕ ಸೀಮೆಯಲ್ಲಿ ಸಮೀಕ್ಷೆ ನಡೆಸಿತು. 6ರಿಂದ 14 ವರ್ಷದೊಳಗಿನ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಹೋಗುತ್ತಿಲ್ಲವೆಂದು ಅದು ಕಂಡುಕೊಂಡಿತು. ಹಾಜರಿ ಪುಸ್ತಕ ಇಟ್ಟು ಗೊತ್ತಿರುವ ನಮ್ಮ ಮೇಷ್ಟ್ರುಗಳು ಈ ಅಂಕಿಯನ್ನು ತರಗತಿಗಳಾಗಿ ಎಣಿಸಿ ನೋಡಿದರು. ತರಗತಿಗೆ 30ರಂತೆ ಹಿಡಿದರೂ 150 ತರಗತಿಗಳು ಖಾಲಿ.

ಆ ಚೂರು ಮಗುವಿನ ಬುಟ್ಟಿಯಿಂದ ಹಳ್ಳಿಯ ವ್ಯಾಪಾರಿಗೆ, ಅವನಿಂದ ಪಟ್ಟಣದ ಸಾಹುಕಾರನಿಗೆ, ಅಲ್ಲಿಂದ ರಫ್ತುದಾರನಿಗೆ, ಅವನಿಂದ ಬಣ್ಣ ತಯಾರಿಸುವ ಕಾರ್ಖಾನೆಗೆ, ಕೊನೆಗೆ ಹೆಸರುವಾಸಿ ಕಂಪನಿಗೆ ಹೋಗುತ್ತದೆ. ಒಂದೊಂದು ಕೈ ಬದಲಾದಾಗಲೂ ಬೆಲೆ ಏರುತ್ತದೆ, ಮೊದಲ ಕೈಯ ಗುರುತು ಮಾಸುತ್ತದೆ. ಗುಂಡಿಯ ಮಾಲೂ ಪರವಾನಗಿಯ ಮಾಲೂ ದಾರಿಯಲ್ಲಿ ಬೆರೆತು ಒಂದೇ ಆಗುತ್ತವೆ. ಕಡೆಗೆ ಡಬ್ಬಿಯ ಮೇಲೆ ಹಸಿರು ಚುಕ್ಕೆ ಹಾಕಬಹುದು, ಮೊಲ ಹಾಕಬಹುದು. ಎರಡೂ ಸುಳ್ಳಲ್ಲ! ಅಭ್ರಕ ಕಲ್ಲು, ಅದರಲ್ಲಿ ಕೊಬ್ಬಿಲ್ಲ, ಮೊಲದ ಕಣ್ಣೀರಿಲ್ಲ. ಮಗು ಮಾತ್ರ ಯಾವ ಗುರುತಿನಲ್ಲೂ ಇಲ್ಲ.

*

ಈ ಕಥೆ ಹೊರಬಿದ್ದ ಮೇಲೆ ಕಂಪನಿಗಳು ಏನು ಮಾಡಿದವು ಎನ್ನುವಲ್ಲಿ ನಮ್ಮ ಜಗಳ ಜೋರಾಯಿತು.

ಬ್ರಿಟನ್ನಿನ ಲಷ್ ಕಂಪನಿ 2014ರಲ್ಲೇ ಗಣಿಯ ಅಭ್ರಕವನ್ನು ಬಿಡುತ್ತೇವೆ ಎಂದಿತು. ಕೊಂಡುತಂದ ಬಣ್ಣಗಳೊಳಗೆ ಅದು ಉಳಿದಿರುವುದು ಗೊತ್ತಾಗಿ, 2018ರ ಹೊತ್ತಿಗೆ ಪ್ರಯೋಗಶಾಲೆಯಲ್ಲಿ ತಯಾರಾದ ಅಭ್ರಕಕ್ಕೆ ಬದಲಾಯಿಸಿಕೊಂಡಿತು. ಇನ್ನು ಕೆಲವು ದೊಡ್ಡ ಕಂಪನಿಗಳು, ಬಿಟ್ಟು ಹೋದರೆ ಆ ಜನ ಇನ್ನೂ ಬಡವರಾಗುತ್ತಾರೆ, ಉಳಿದುಕೊಂಡು ಸರಿಪಡಿಸುತ್ತೇವೆ ಎಂದು 2017ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಕೂಟ ಕಟ್ಟಿಕೊಂಡವು. ಭಾರತದ ಅಭ್ರಕದಲ್ಲಿ ಬಾಲಕೂಲಿಯನ್ನು 2022ರೊಳಗೆ ಅಳಿಸುವುದು ಗುರಿ. 2022 ಬಂತು, ಹೋಯಿತು. ಗುರಿ 2030ಕ್ಕೆ ಜರುಗಿತು. ಹತ್ತು ವರ್ಷದ ಮಗುವಿಗೆ ಎಂಟು ವರ್ಷ ಕಾಯುವುದೆಂದರೆ ಬಾಲ್ಯವೇ ಮುಗಿಯುವುದು ಎಂದರ್ಥ.

ಇವರಲ್ಲಿ ಯಾರು ನೀತಿವಂತರು? ಕಾನೂನು ಓದುವ ಹುಡುಗ ಬಿಟ್ಟು ಹೋದವರ ಪರ ವಾದಿಸಿದ: ಕನಿಷ್ಠ ಅವರು ಆ ರಕ್ತದಿಂದ ಲಾಭ ಮಾಡುತ್ತಿಲ್ಲ. ಕೂಲಿ ಮಾಡಿಯೇ ಓದಿದ ಮೇಷ್ಟ್ರೊಬ್ಬರು ಒಪ್ಪಲಿಲ್ಲ: “ನಾನು ಒಂಬತ್ತು ವರ್ಷಕ್ಕೆ ಗೌಡರ ಮನೇಲಿ ದನ ಕಾಯ್ತಿದ್ದೆ. ಜೀತ ತಪ್ಪು ಅಂತ ಗೊತ್ತಾಗಿ ಗೌಡ್ರು ನನ್ನ ಬಿಡಿಸಿ ಕಳಿಸಿದ್ರು. ದೊಡ್ಡ ಮನುಷ್ಯ ಅನ್ನಿಸ್ಕೊಂಡ್ರು. ಅವತ್ತು ರಾತ್ರಿ ನಮ್ಮನೇಲಿ ಒಲೆ ಉರೀಲಿಲ್ಲ.” ಆ ಮಾತಿಗೆ ಕೂಟವೆಲ್ಲ ಸುಮ್ಮನಾಯಿತು.

ಬಹಳ ಹೊತ್ತಾದ ಮೇಲೆ ನಾವು ಕಂಡದ್ದು ಇಷ್ಟು. ಬಿಟ್ಟು ಹೋಗುವುದು ಮಡಿಯಾಗಬಹುದು: ಕೈ ತೊಳೆದುಕೊಂಡರೆ ಕೈ ಶುದ್ಧ, ಹಳೆಯ ಬಾಕಿ ಹಾಗೇ. ಉಳಿಯುವುದು ನೆಪವಾಗಬಹುದು: ಸರಿಪಡಿಸುತ್ತೇವೆ ಎನ್ನುತ್ತಾ ಅಗ್ಗದ ಮಾಲು ಕೊಳ್ಳುತ್ತಾ ಇರುವುದು. ಆದ್ದರಿಂದ ಬಿಟ್ಟರೋ ಉಳಿದರೋ ಎಂದು ಕೇಳಿ ಪ್ರಯೋಜನವಿಲ್ಲ. ಇಷ್ಟು ವರ್ಷ ಆ ಅಗ್ಗದಿಂದ ಉಳಿಸಿಕೊಂಡ ದುಡ್ಡು ಯಾರದು, ಅದು ಆ ಹಳ್ಳಿಗೆ ಹಿಂತಿರುಗಿತೇ ಎಂದು ಕೇಳಬೇಕು. ಶಾಲೆ ಕಟ್ಟಿಸಿಕೊಡುವುದು ದಾನ. ತಂದೆತಾಯಿಗೆ ಮಗುವಿನ ಬುಟ್ಟಿ ಬೇಕಾಗದಷ್ಟು ಬೆಲೆಯನ್ನು ಮಾಲಿಗೆ ಕೊಡುವುದು ಋಣ ತೀರಿಸುವುದು. ದಾನಿಯ ಹೆಸರು ಕಲ್ಲಿನ ಮೇಲೆ ಬರುತ್ತದೆ. ಸರಿಯಾದ ಬೆಲೆ ಕೊಟ್ಟವನ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೇ ಮೊದಲನೆಯದಕ್ಕೆ ನೂಕುನುಗ್ಗಲು, ಎರಡನೆಯದಕ್ಕೆ ಯಾರೂ ಇಲ್ಲ.

*

ಒಂದು ಒಳ್ಳೆಯ ಕೆಲಸ ಇನ್ನೊಂದು ಕೆಟ್ಟ ಕೆಲಸವನ್ನು ವಜಾ ಮಾಡುತ್ತದೆಯೇ ಎಂಬ ಪ್ರಶ್ನೆಯೂ ಎದ್ದಿತು. ಕಂಪನಿಗಳ ವರದಿ ಓದಿದರೆ ಹಾಗೇ ಅನ್ನಿಸುತ್ತದೆ: ಇಷ್ಟು ಗಿಡ ನೆಟ್ಟೆವು, ಇಷ್ಟು ನೀರು ಉಳಿಸಿದೆವು, ಇಷ್ಟು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದೆವು. ನಮ್ಮೂರುಗಳಲ್ಲಿ ಬಡ್ಡಿ ಸಾಹುಕಾರ ವರ್ಷಕ್ಕೊಮ್ಮೆ ದೇವರಿಗೆ ಬೆಳ್ಳಿ ಕಿರೀಟ ಮಾಡಿಸುತ್ತಾನೆ. ದೇವರು ಬೇಡ ಅಂದದ್ದನ್ನು ನಾವು ಕೇಳಿಲ್ಲ.

ನಮ್ಮ ಮನೆಮನೆಯಲ್ಲೂ ಇದ್ದ ಪಾಂಡ್ಸ್ ಪೌಡರನ್ನೇ ತೆಗೆದುಕೊಳ್ಳಿ. ಆ ಪೌಡರಿನ ಕಂಪನಿಯೇ 1983ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯನ್ನು ಕಿತ್ತು ತಂದು ತಮಿಳುನಾಡಿನ ಕೊಡೈಕಾನಲ್ಲಿನಲ್ಲಿ ನಿಲ್ಲಿಸಿತು. ಮುಂದೆ ಅದು ಹಿಂದೂಸ್ತಾನ್ ಲಿವರ್ ಕೈಗೆ ಬಂತು. ಥರ್ಮಾಮೀಟರಿಗೆ ಬೇಕಾದದ್ದು ಪಾದರಸ, ಅಂದರೆ ವಿಷ. 2001ರಲ್ಲಿ ಪಾದರಸ ಅಂಟಿದ ಒಡೆದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುವುದನ್ನು ಜನ ಪತ್ತೆ ಮಾಡಿದರು. ಕಾರ್ಖಾನೆ ಮುಚ್ಚಿತು. ಹಳೆಯ ಕಾರ್ಮಿಕರು ಹದಿನೈದು ವರ್ಷ ಹೋರಾಡಿದ ಮೇಲೆ 2016ರಲ್ಲಿ ಕಂಪನಿ 591 ಮಂದಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಕಾರ್ಮಿಕರ ಕಾಯಿಲೆಗೂ ಪಾದರಸಕ್ಕೂ ಸಂಬಂಧವಿಲ್ಲ, ಮಾನವೀಯತೆಯಿಂದ ಕೊಡುತ್ತಿದ್ದೇವೆ ಎಂಬುದು ಕಂಪನಿಯ ನಿಲುವು. ಹಕ್ಕು ಕೇಳಿದವರಿಗೆ ಕರುಣೆ ಕೊಟ್ಟು ಕಳಿಸುವುದು ನಮಗೆ ಹೊಸದಲ್ಲ. ಆ ಊರಿನವರು ಈ ಕಂಪನಿಯ ಪೌಡರಿನ ಡಬ್ಬಿಯನ್ನು ನೋಡಿ ನೀತಿಯನ್ನು ಅಳೆಯುತ್ತಿದ್ದರೇ? ಅವರು ತಮ್ಮ ಮಣ್ಣನ್ನು ನೋಡಿ ಅಳೆದರು. ಒಂದು ಕಂಪನಿಯ ನೀತಿ ಒಂದು ಡಬ್ಬಿಯೊಳಗೆ ಹಿಡಿಸುವುದಿಲ್ಲ.

ಒಳ್ಳೆಯ ಮನಸ್ಸಿನಿಂದ ಶುರುವಾದ ಕಂಪನಿಗಳೂ ಇವೆ. 1976ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಅನಿತಾ ರಾಡಿಕ್ ಎಂಬ ಹೆಂಗಸು ಬಾಡಿ ಶಾಪ್ ಎಂಬ ಸಣ್ಣ ಅಂಗಡಿ ತೆರೆದಳು. ಪ್ರಾಣಿಗಳ ಪರ, ಬಡ ದೇಶಗಳ ಜನರ ಜೊತೆ ನ್ಯಾಯದ ವ್ಯಾಪಾರದ ಪರ ದನಿ ಎತ್ತಿದಳು. 2006ರಲ್ಲಿ ಅದು ಫ್ರಾನ್ಸಿನ ಲೋರಿಯಲ್ ಕಂಪನಿಗೆ ಮಾರಾಟವಾಯಿತು, 2017ರಲ್ಲಿ ಬ್ರೆಜಿಲಿನ ನಟೂರಾಗೆ, 2023ರಲ್ಲಿ ಆರೇಲಿಯಸ್ ಎಂಬ ಹಣ ಹೂಡುವ ಸಂಸ್ಥೆಗೆ. 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವ್ಯವಹಾರ ದಿವಾಳಿಯಾಗಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಅಂಗಡಿಗಳು ಮುಚ್ಚಿದವು, ಕೆಲಸಗಾರರು ಬೀದಿಗೆ ಬಿದ್ದರು. ಆ ಹೆಂಗಸಿನ ಪ್ರಾಮಾಣಿಕತೆಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಒಡೆಯರ ಒಳ್ಳೆಯತನದ ಮೇಲೆ ನಿಂತ ನೀತಿ ಒಡೆಯರು ಬದಲಾದಾಗ ಅಂಗಡಿಯ ಜೊತೆಗೇ ಮಾರಾಟವಾಗುತ್ತದೆ. ಒಳ್ಳೆಯ ಗೌಡನ ಕಾಲ ಅವನ ಮಗ ದೊಡ್ಡವನಾಗುವವರೆಗೆ ಮಾತ್ರ.

*

ಇನ್ನು ಕಂಪನಿ ನಮ್ಮ ಮನಸ್ಸಿಗೆ ಏನು ಮಾಡುತ್ತದೆ ಎಂಬುದು. ಬುದ್ಧ ಹೇಳಿದ ಸಮ್ಯಕ್ ಆಜೀವದಲ್ಲಿ, ಮಾಡಬಾರದ ಐದು ವ್ಯಾಪಾರಗಳಲ್ಲಿ ವಿಷದ ವ್ಯಾಪಾರವೂ ಒಂದು. ವಿಷವನ್ನು ಬಾಯಿಗೇ ಹಾಕಬೇಕೆಂದಿಲ್ಲ, ಕಣ್ಣಿಗೂ ಹಾಕಬಹುದು.

1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಕಪ್ಪು ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ. ಹಚ್ಚಿಕೊಂಡರೆ ಎರಡೂ ಸಿಗುತ್ತವೆ ಎಂದು ಅದರ ಜಾಹೀರಾತುಗಳು ದಶಕಗಳ ಕಾಲ ಹೇಳಿದವು. ನಮ್ಮ ಹಾಸ್ಟೆಲುಗಳಲ್ಲಿ ಆ ಕ್ರೀಮಿನ ಸಣ್ಣ ಪ್ಯಾಕೆಟ್ಟನ್ನು ಮೂವರು ಹಂಚಿಕೊಂಡು ಹಚ್ಚಿದ್ದಾರೆ. ನಾವೂ ಹಚ್ಚಿದ್ದೇವೆ, ಸುಳ್ಳೇಕೆ ಹೇಳಬೇಕು. ನಾವು ಬೆಳ್ಳಗಾಗಬೇಕು ಅಂತಿದ್ದದ್ದು ಚೆಂದಕ್ಕಲ್ಲ. ನಮ್ಮ ಮುಖ ನೋಡಿದ ಕೂಡಲೇ ಜಾತಿ ಗೊತ್ತಾಗಬಾರದು ಎಂಬ ಆಸೆಗೆ. ಕಪ್ಪಿಗೂ ಕೇರಿಗೂ ಗಂಟು ಹಾಕಿದ್ದು ಕಂಪನಿಯಲ್ಲ, ಸಮಾಜ. ಆದರೆ ಆ ಗಂಟನ್ನು ಬಿಗಿ ಮಾಡಿ ಬೆಲೆ ಕಟ್ಟಿದ್ದು ಕಂಪನಿ. ಬಿಳಿ ಬಣ್ಣದ ಮೇಲಿನ ಈ ಮೋಹಕ್ಕೆ ಬೇರು ಆಳುವವರ ಅಧಿಕಾರದಲ್ಲಿದೆ, ಆಫ್ರಿಕದವರು ಜಗತ್ತನ್ನು ಆಳಿದ್ದರೆ ಚೆಲುವಿನ ಅಳತೆಗೋಲೇ ಬೇರೆಯಿರುತ್ತಿತ್ತು ಎಂದು ಲೋಹಿಯಾ ಬಹಳ ಹಿಂದೆಯೇ ವಾದಿಸಿದ್ದರು.

2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ಸಿನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನನ್ನು ಪೊಲೀಸನೊಬ್ಬ ಕುತ್ತಿಗೆ ಒತ್ತಿ ಕೊಂದ. ಜಗತ್ತೆಲ್ಲ ಬೀದಿಗಿಳಿಯಿತು. ಜುಲೈ ಹೊತ್ತಿಗೆ ಕಂಪನಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ಹೊಲಗೇರಿಗೆ ಹೊಸ ಕಾಲೋನಿ ಅಂತ ಬೋರ್ಡು ಹಾಕಿದರೆ ಬಾವಿ ತೆರೆದುಕೊಳ್ಳುತ್ತದೆಯೇ? ಆದರೂ ಒಂದು ಮಾತು ನೆನಪಿಡಬೇಕು. ಆ ಅಕ್ಷರವನ್ನು ಅಳಿಸಿದ್ದು ಕಂಪನಿಯ ಆತ್ಮಸಾಕ್ಷಿಯಲ್ಲ, ಬೀದಿಗಿಳಿದ ಜನ.

*

ಹಾಗಾದರೆ ನಾವು ಹೇಗೆ ಅಳೆಯಬೇಕು? ನಮ್ಮ ಕೂಟ ಒಂದು ನಾಲ್ಕು ಪ್ರಶ್ನೆಗಳಿಗೆ ಬಂದು ನಿಂತಿದೆ. ತಿದ್ದುವವರು ತಿದ್ದಬಹುದು.

ಒಂದು: ಈ ಸರಕನ್ನು ಮೊದಲು ಮುಟ್ಟಿದ ಕೈ ಯಾವ ಊರಿನದು ಎಂದು ಕಂಪನಿ ಹೆಸರಿಟ್ಟು ಹೇಳಬಲ್ಲದೇ? ಹೇಳಲಾಗದಿದ್ದರೆ, ಗೊತ್ತಿಲ್ಲವೋ ಅಥವಾ ಗೊತ್ತಾಗುವುದು ಬೇಡವೋ?

ಎರಡು: ಆ ಕೈಗೆ ಸಿಕ್ಕ ಕೂಲಿಯಲ್ಲಿ ಆ ಮನೆಯ ಮಗು ಶಾಲೆಗೆ ಹೋಗಬಹುದೇ? ಮಿಕ್ಕ ದಾನಧರ್ಮವೆಲ್ಲ ಆಮೇಲಿನ ಮಾತು.

ಮೂರು: ಆ ಕೈಯವರಿಗೆ ಬಾಯಿ ಇದೆಯೇ? ಅಂದರೆ ಸಂಘ ಕಟ್ಟಿದರೆ ಕೆಲಸ ಉಳಿಯುತ್ತದೆಯೇ? ಕಂಪನಿಯೇ ದುಡ್ಡು ಕೊಟ್ಟು ಕರೆಸಿದ ತಪಾಸಣೆಗಾರ, ಮೊದಲೇ ಹೇಳಿಕಳಿಸಿ ಬಂದು, ಸಾಹುಕಾರನ ಮನೆಯಲ್ಲಿ ಉಂಡು ಬರೆದ ವರದಿಯನ್ನು ನಾವು ನಂಬುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನೋಡಿದವರು ನಾವು. ಶೋಷಣೆಗೆ ಒಳ್ಳೆಯ ತಪಾಸಣೆಗಾರ ಅದನ್ನು ಅನುಭವಿಸಿದವನೇ.

ನಾಲ್ಕು: ತಪ್ಪು ಬಯಲಾದ ಮೇಲೆ ಕಂಪನಿ ಏನು ಮಾಡಿತು? ಹೆಸರು ಬದಲಾಯಿಸಿತೇ, ಓಡಿಹೋಯಿತೇ, ಕರುಣೆ ತೋರಿಸಿತೇ, ಅಥವಾ ಬಾಕಿ ತೀರಿಸಿತೇ?

ಈ ನಾಲ್ಕರಲ್ಲೂ ಪಾಸಾಗುವ ಕಂಪನಿ ಯಾವುದು ಎಂದು ಕೇಳಬೇಡಿ, ನಮಗೆ ಒಂದೂ ಕಂಡಿಲ್ಲ. ಹಾಗೆಂದು ಎಲ್ಲರೂ ಒಂದೇ ಎಂದು ಕೈಚೆಲ್ಲುವುದೂ ತಪ್ಪು. ಎಲ್ಲ ಗೌಡರೂ ಒಂದೇ ಎಂದು ಸುಮ್ಮನಿದ್ದಿದ್ದರೆ ಜೀತ ಕಡಿಮೆಯಾಗುತ್ತಿರಲಿಲ್ಲ. ಇಲ್ಲಿ ಇನ್ನೊಂದು ಕಷ್ಟವೂ ಇದೆ. ನೀತಿಯ ಗುರುತು ಹಾಕಿಕೊಂಡ ಡಬ್ಬಿಗೆ ನೂರಾರು ರೂಪಾಯಿ. ನಮ್ಮವರು ಕೊಳ್ಳುವ ಪ್ಯಾಕೆಟ್ಟಿಗೆ ಒಂದೆರಡು ರೂಪಾಯಿ. ಕೊಳ್ಳುವುದರಿಂದಲೇ ನೀತಿವಂತರಾಗುವುದಾದರೆ ಬಡವರೆಲ್ಲ ಅನೀತಿವಂತರು, ದುಡ್ಡಿದ್ದವರೆಲ್ಲ ಪುಣ್ಯವಂತರು ಎಂದಾಗುತ್ತದೆ. ಈ ಶಾಸ್ತ್ರವನ್ನೂ ನಾವು ಮೊದಲೇ ಕೇಳಿದ್ದೇವೆ. ನಮ್ಮ ಶಕ್ತಿ ಇರುವುದು ನಾವು ಕೊಡುವ ಕಾಸಿನಲ್ಲಲ್ಲ, ಗುಂಡಿಯಿಂದ ಅಂಗಡಿಯವರೆಗೆ ಇರುವ ನಮ್ಮ ಕೈಗಳಲ್ಲಿ.

ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಪೆಣ್‌ಕೂಟ್ಟು ಎಂಬ ಸಂಘಟನೆ ಕಟ್ಟಿಕೊಂಡು, ದುಡಿಯುವಾಗ ಕೂರುವ ಹಕ್ಕು ಬೇಕೆಂದು ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಯನ್ನು ತಿದ್ದಿ ಆ ಹಕ್ಕನ್ನು ಬರೆಯಿತು. 2021ರಲ್ಲಿ ತಮಿಳುನಾಡು ಬರೆಯಿತು. ಕೂರುವುದು! ಊರ ಜಗಲಿಯ ಮೇಲೆ ಕೂತದ್ದಕ್ಕೆ ಏಟು ತಿಂದವರ ಮಕ್ಕಳಿಗೆ ಆ ಪದದ ತೂಕ ಹೇಳಿಕೊಡಬೇಕಾಗಿಲ್ಲ.

ನಮ್ಮ ಹುಡುಗಿಗೆ ಈ ಸುದ್ದಿಯನ್ನು ಓದಿ ಹೇಳಿದೆವು. ಹಬ್ಬ ಮುಗಿಸಿ ಹೋದವಳು ಜೊತೆಯ ಆರು ಜನರ ಸಹಿ ಹಾಕಿಸಿ ಮ್ಯಾನೇಜರಿಗೆ ಒಂದು ಅರ್ಜಿ ಕೊಟ್ಟಿದ್ದಾಳೆ. ಕೇಳಿರುವುದು ಒಂದು ಸ್ಟೂಲು. ಇನ್ನೂ ಉತ್ತರ ಬಂದಿಲ್ಲ. ಇಬ್ಬರು ಹೆದರಿ ಸಹಿ ಹಿಂತೆಗೆದುಕೊಂಡಿದ್ದಾರಂತೆ, ಹೊಸಬಳೊಬ್ಬಳು ಸೇರಿಕೊಂಡಿದ್ದಾಳಂತೆ. ಅಜ್ಜಿ ಪ್ರತಿ ವಾರ ಫೋನಿನಲ್ಲಿ ಕೇಳುವುದು ಒಂದೇ ಮಾತು: “ಕೂತ್ಕೊಂಡ್ಯಾ ಮಗ?”

ಮೊಲದ ಡಬ್ಬಿ ಅಜ್ಜಿಯ ಗೂಡಿನಲ್ಲೇ ಇದೆ. ಎಲೆ ಅಡಿಕೆಯ ಸುಣ್ಣ ಹಾಕಿಟ್ಟಿದ್ದಾಳೆ.